ಕಂಬದಕೆರೆ ದೋಣಿಯ ಮಾಲೀಕ

೬ ಅಕ್ಟೋಬರ್ ೧೯೪೬, ಭಾನುವಾರ

ನಿನ್ನೆ ಸಂಜೆಯ ಬಸ್ಸಿಗೆ ಮಾವನ ಮನೆಗೆ ಬಂದೆ. ದಸರಾ ರಜಾ ಇನ್ನೂ ಒಂದು ವಾರವಿದೆ. ಅಷ್ಟರೊಳಗೆ ಫಿಸಿಕ್ಸಿನಲ್ಲಿ ಹಿಂದೆ ಬಿದ್ದ ಚಾಪ್ಟರ್‌ಗಳನ್ನೆಲ್ಲ ಮುಗಿಸಬೇಕೆಂದು ಟೈಮ್‌ಟೇಬಲ್ ಹಾಕಿಕೊಂಡಿದ್ದೇನೆ. ಲೆಕ್ಚರರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ ಕೊಶ್ಚನ್ ಕೇಳಿದ ದಿನ ಆನ್ಸರ್ ಗೊತ್ತಿದ್ದರೂ ಬಾಯಿಗೆ ಬರಲಿಲ್ಲ. ಇಂಗ್ಲಿಷಿನಲ್ಲಿ ಶುರುಮಾಡಿ, ಅರ್ಧಕ್ಕೆ ಕನ್ನಡಕ್ಕೆ ಬಿದ್ದು, ಅಲ್ಲೂ ನಿಂತುಹೋದೆ. ಕ್ಲಾಸೆಲ್ಲ ನಕ್ಕಿತು. ಬಸ್ಸಿನುದ್ದಕ್ಕೂ ಆ ನಗುವೇ ಕಿವಿಯಲ್ಲಿತ್ತು. ಜನರಲಿ ನಾನು ನರ್ವಸ್ ಮನುಷ್ಯ, ಅದು ಗೊತ್ತಿದ್ದದ್ದೇ.

ಇಲ್ಲಿ ಕೆರೆ ತುಂಬಿದೆ. ನಾನು ಹುಟ್ಟಿದ ಮೇಲೆ ಕಂಬದಕೆರೆ ಹೀಗೆ ತುಂಬಿದ್ದನ್ನು ಕಂಡಿಲ್ಲ. ಆಚೆ ದಡದ ಗೊಲ್ಲರಹಟ್ಟಿಗೆ ಹೋಗುವ ದಾರಿ ಕೆರೆಯಂಗಳದಲ್ಲೇ ಇತ್ತು, ಈಗ ಅದು ನೀರಿನಡಿ. ಹಳೆಯ ತೆಪ್ಪ ಮಳೆಗೆ ಕೊಚ್ಚಿಹೋಯಿತು. ಹಟ್ಟಿಯವರು ಇತ್ತ ಬರಬೇಕಾದರೆ ಗುಡ್ಡ ಸುತ್ತಿ, ಕೊರಕಲು ಇಳಿದು ಹತ್ತಿ, ಅರ್ಧ ದಿನ ನಡೆಯಬೇಕು.

ನನ್ನ ಸೋದರಮಾವ ಪರ್ವತಯ್ಯ ಇದಕ್ಕೊಂದು ಉಪಾಯ ಹೂಡಿದ್ದಾರೆ. ಅವರು ಮಧುಗಿರಿಗೂ ಪಾವಗಡಕ್ಕೂ ಓಡಿಸುತ್ತಿದ್ದ ಬಸ್ಸಿನ ಮೈ ತುಕ್ಕು ಹಿಡಿದು ಹಿತ್ತಿಲಲ್ಲಿ ಕೂತಿತ್ತು. ಅದರ ಇಂಜಿನ್ನನ್ನು ಶಿರಾದ ಗ್ಯಾರೇಜಿನ ಸಾಬರ ಕೈಲಿ ಬಿಚ್ಚಿಸಿ, ಆಚಾರಿಯಿಂದ ಹೊನ್ನೆಮರದ ದೋಣಿ ಮಾಡಿಸಿ, ಅದರೊಳಗೆ ಕೂರಿಸಿದ್ದಾರೆ. ಸ್ಟಾರ್ಟ್ ಮಾಡಿದರೆ ಬಸ್ಸಿನ ಸದ್ದೇ. ಏರಿಯ ಮೇಲೆ ಮೇಯುವ ದನಗಳು ದಾರಿ ಬಿಡುತ್ತವೆ.

ಪೆಟ್ರೋಲ್ ಮಾತ್ರ ಇಲ್ಲ. ಯುದ್ಧ ಮುಗಿದು ವರ್ಷವಾದರೂ ಕೂಪನ್ ಇಲ್ಲದೆ ಬಂಕಿನವನು ಒಂದು ತೊಟ್ಟು ಕೊಡುವುದಿಲ್ಲ. ಕೂಪನ್ ಬೇಕಾದರೆ ನಂಬರ್ ಬೇಕು. ನಂಬರ್ ಬೇಕಾದರೆ ರಿಜಿಸ್ಟ್ರೇಷನ್. "ಇಂಗ್ಲಿಷ್ ಓದೋನು ಮನೇಲಿ ಅವ್ನೆ, ಇನ್ನೇನು" ಎಂದು ಮಾವ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ. ಆ ಮಾತು ಕೇಳಿದ ಮೇಲೆ ಊಟ ಸೇರಲಿಲ್ಲ.

ದೋಣಿ ನೋಡಲು ಏರಿಯವರೆಗೆ ಹೋದೆ. ಮೆಟ್ಟಿಲಿಳಿಯಲಿಲ್ಲ. ಎಂಟನೇ ವಯಸ್ಸಿಗೇ ಹಾಸ್ಟೆಲ್ ಸೇರಿದವನಿಗೆ ಈಜು ಎಲ್ಲಿಂದ ಬರಬೇಕು? ಅಷ್ಟು ನೀರು ಒಂದೇ ಕಡೆ ನೋಡಿ ಅಲ್ಲಿಂದಲೇ ವಾಪಸು ಬಂದೆ.

೭ ಅಕ್ಟೋಬರ್, ಸೋಮವಾರ

ಇಂದು ಅಪ್ಲಿಕೇಷನ್ ಬರೆದೆ. ದೋಣಿಗೆಂದು ಪ್ರಿಂಟಾದ ಫಾರಂ ಇಲ್ಲವಾದ್ದರಿಂದ ಮೋಟಾರು ಕಾರಿನದನ್ನು ನೋಡಿಕೊಂಡು ಅದೇ ಸ್ಟೈಲಿನಲ್ಲಿ ಗೀಟು ಹಾಕಿದೆ. ಮೊದಲನೇ ಕಾಲಂ, ಮಾಲೀಕರ ಹೆಸರು.

ಮಾವ, "ಗಂಗಮ್ಮ ಅಂತ ಬರ್ಕೊ" ಎಂದರು.

ಯಾವ ಗಂಗಮ್ಮ ಎಂದು ಕೇಳಬೇಕಾಗಿಯೇ ಇರಲಿಲ್ಲ. ಏರಿಯ ಮೇಲೆ ತೂಬಿನ ಪಕ್ಕದ ಗುಡಿಯಲ್ಲಿರುವ ಅಮ್ಮ. ಈ ಊರಿನಲ್ಲಿ ನೀರಿನ ಮೇಲಿರುವ ಯಾವುದನ್ನೂ ಯಾರೂ ನನ್ನದು ಎನ್ನುವುದಿಲ್ಲ. ತೆಪ್ಪ, ಬಲೆ, ಹುಡುಗರು ಈಜು ಕಲಿಯಲು ಸೊಂಟಕ್ಕೆ ಕಟ್ಟಿಕೊಳ್ಳುವ ಸೋರೆಬುರುಡೆ, ಯಾವುದನ್ನು ಯಾರದು ಎಂದು ಕೇಳಿದರೂ 'ಅಮ್ಮಂದು' ಎನ್ನುತ್ತಾರೆ. ಮಾವನ ಅಣ್ಣ ಮಹಾಲಿಂಗಯ್ಯ ಒಮ್ಮೆ ಯಾರೊಡನೆಯೋ ಜಗಳವಾಡುತ್ತ 'ತೆಪ್ಪ ನಂದು, ಇಳೀರಿ' ಅಂದುಬಿಟ್ಟನಂತೆ. ಆ ವರ್ಷವೇ ಇದೇ ಕೆರೆಯಲ್ಲಿ ಹೋದ. ಅತ್ತೆ ಸಿದ್ದಗಂಗಮ್ಮ ಆಗಿನ್ನೂ ಹೊಸದಾಗಿ ಬಂದ ಸೊಸೆ. ಹೆಣ ಮೇಲೆತ್ತಿದ್ದನ್ನು ಕಣ್ಣಾರೆ ಕಂಡವರು. ಅಂದಿನಿಂದ ಅವರು ಕೆರೆಗೆ ಇಳಿದಿಲ್ಲ, ಬಟ್ಟೆ ಒಗೆಯುವುದೂ ಬಾವಿಯಲ್ಲೇ. ನನ್ನನ್ನು ತಾಯಿಯಿಲ್ಲದ ಕೂಸೆಂದು ತಂದು ಸಾಕಿದವರು ಅವರು. ಸಣ್ಣವನಿದ್ದಾಗ ಏರಿಯ ಕಡೆ ಹೋದರೆ ಬೆನ್ನಿಗೆ ಏಟು ಬೀಳುತ್ತಿತ್ತು.

ನಾನು ಹೇಳಿದಂತೆಯೇ ಬರೆದೆ. ಗಂಡನ ಹೆಸರು ಈಶ್ವರಪ್ಪ. ವಾಸ, ಕೆರೆ ಏರಿ, ತೂಬಿನ ಪಕ್ಕ. ವಯಸ್ಸಿಗೆ ಮಾವ ಸ್ವಲ್ಪ ಯೋಚಿಸಿ, ಕೆರೆ ಕಟ್ಟಿದಾಗಿನಿಂದ ಇದ್ದಾಳೆ, ಲೆಕ್ಕ ಹಾಕಿಕೋ ಎಂದರು. ನಾನು 'ಮೇಜರ್' ಎಂದು ಹಾಕಿದೆ. ಸಹಿಯ ಜಾಗದಲ್ಲಿ ಪೂಜಾರಿ ಬೈರಪ್ಪ ಅಮ್ಮನ ಪಾದದ ಕುಂಕುಮವನ್ನು ಬೆರಳಿನಿಂದ ಒತ್ತಿದ.

ಸರ್ಕಾರಕ್ಕೆ ಸುಳ್ಳು ಬರೆದಂತಾಯಿತೇ? ಕಾಲೇಜಿಗೆ ರಿಪೋರ್ಟ್ ಹೋದರೆ?

ಮಧ್ಯಾಹ್ನ ಹಟ್ಟಿಯಿಂದ ಪುಟ್ಟಕ್ಕ ಬಂದಿದ್ದಳು. ಗುಡ್ಡ ಸುತ್ತಿ ಬಂದವಳಿಗೆ ಅತ್ತೆ ಮಜ್ಜಿಗೆ ಕೊಟ್ಟರು. ಅವಳ ಸೊಸೆ ತುಂಬಿದ ಬಸುರಿ. ಹೆರುವ ಹೆಂಗಸನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿಡುವುದು ಅವರ ಪದ್ಧತಿ, ಆ ಗುಡಿಸಲು ಹಾಕುವ ಜಾಗ ಈ ಸಲ ನೀರಿನಲ್ಲಿದೆ. ಹೋದ ಸಲ ಕಷ್ಟವಾಗಿ, ಕೆರೆಯಂಗಳದ ದಾರಿ ಕೆಸರಾಗಿದ್ದರಿಂದ ಗಾಡಿಯಲ್ಲಿ ಗುಡ್ಡ ಸುತ್ತಿಸುವಾಗ ಕೊರಕಲಿನಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಈ ಸಲ ಮಧುಗಿರಿ ಆಸ್ಪತ್ರೆಗೇ ಸೇರಿಸುವುದೆಂದು ಪುಟ್ಟಕ್ಕ ತನ್ನ ಹಟ್ಟಿಯ ಹಿರಿಯರನ್ನೆಲ್ಲ ಎದುರು ಹಾಕಿಕೊಂಡು ನಿಂತಿದ್ದಾಳೆ. ದೋಣಿ ಇದ್ದರೆ ಈಚೆ ದಡಕ್ಕೆ ಬಂದು ಬಸ್ಸು ಹತ್ತಿದರಾಯಿತು.

"ದೀಪಾವಳಿ ಒಳಗೆ ಓಡುತ್ತೇನಪ್ಪ ನಿಮ್ ಮೋಟಾರು?" ಎಂದು ನನ್ನನ್ನೇ ಕೇಳಿದಳು. ಮಾವನನ್ನಲ್ಲ. ಟ್ರೈ ಮಾಡ್ತೀವಿ ಎಂದೆ. ಆ ಮಾತು ಅವಳಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದಳು.

೯ ಅಕ್ಟೋಬರ್, ಬುಧವಾರ

ತುಮಕೂರು. ಮೋಟಾರು ರಿಜಿಸ್ಟ್ರೇಷನ್ ಪೊಲೀಸ್ ಆಫೀಸಿನಲ್ಲಿ. ಎಷ್ಟು ಚಕ್ರ ಎಂದು ಕೇಳಿದರು. ಒಂದೂ ಇಲ್ಲ ಎಂದರು ಮಾವ. ಬ್ರೇಕು? ಇಲ್ಲ. ಹಾರನ್ನು? ಅದು ಮಾತ್ರ ಇದೆ ಎಂದು ಮಾವ ಹೆಮ್ಮೆಯಿಂದ ಹೇಳಿದರು. ಬಸ್ಸಿನ ಹಾರನ್ನು ಬಿಚ್ಚಲು ಮನಸ್ಸಾಗಲಿಲ್ಲವಂತೆ. ರೈಟರು ನಗು ತಡೆದುಕೊಂಡು, ರಸ್ತೆಯ ಮೇಲೆ ಓಡದ್ದಕ್ಕೆ ತಾವು ನಂಬರ್ ಕೊಡುವಂತಿಲ್ಲ, ದಡ ದಾಟಿಸುವುದು ರೆವಿನ್ಯೂದವರ ಕೆಲಸ, ತಾಲ್ಲೂಕು ಕಚೇರಿಯ ಅಮಲ್ದಾರರನ್ನು ಕೇಳಿ ಎಂದು ಹೇಳಿದರು. ಮರ್ಯಾದೆಯಾಗಿಯೇ ಹೇಳಿದರು.

ನಾನು ಮೂರು ಸೆಂಟೆನ್ಸ್ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೊದಲನೆಯದೇ ಹೊರಡಲಿಲ್ಲ. ವಾಪಸು ಬರುವಾಗ ಕೊರಟಗೆರೆಯಲ್ಲಿ ಮಾವ ಕಡ್ಲೆಪುರಿ ಕೊಡಿಸಿದರು, ಚಿಕ್ಕ ಹುಡುಗನಿಗೆ ಕೊಡಿಸುವ ಹಾಗೆ.

೧೨ ಅಕ್ಟೋಬರ್, ಶನಿವಾರ

ಶಿರಾ ತಾಲ್ಲೂಕು ಕಚೇರಿ. ಗುಮಾಸ್ತರ ಹೆಸರು ಚನ್ನಮಲ್ಲಯ್ಯ, ಹಣೆ ತುಂಬ ವಿಭೂತಿ, ಮಾತು ನಿಧಾನ. ಅಪ್ಲಿಕೇಷನ್ ಪೂರ್ತಿ ಓದಿದರು. ಬರವಣಿಗೆ ಚೆನ್ನಾಗಿದೆ ಎಂದರು. ಹೆಣ್ಣುಮಗಳು ದೋಣಿ ಇಟ್ಟಿರುವುದು ಮೆಚ್ಚುವಂಥದ್ದು ಎಂದೂ ಅಂದರು. ಕುಂಕುಮ ನೋಡಿ, ಹೆಬ್ಬೆಟ್ಟಿಗೆ ಕಪ್ಪು ಮಸಿ ಹಾಕಿಸಬೇಕಿತ್ತು, ಇರಲಿ ಎಂದು ಠಸ್ಸೆ ಒತ್ತಿದರು.

ಆಗಲೇ ಬಾಯಿಬಿಡಬೇಕಿತ್ತು. ನಾನು ಮಾವನ ಮುಖ ನೋಡಿದೆ, ಮಾವ ಗೋಡೆಯ ಮೇಲಿನ ಮಹಾರಾಜರ ಪಟ ನೋಡುತ್ತಿದ್ದರು.

ಸೋಮವಾರ ಕಾಲೇಜು ಶುರು. ಜ್ವರ ಎಂದು ವಾರ್ಡನ್ನರಿಗೆ ಕಾರ್ಡು ಹಾಕಿದೆ. ಹಾಕಿದ ಮೇಲೆ ನಿಜವಾಗಿಯೂ ಮೈ ಬಿಸಿಯಾದಂತಿದೆ.

೧೬ ಅಕ್ಟೋಬರ್, ಬುಧವಾರ

ಕಚೇರಿಯ ಜವಾನ ನೋಟೀಸು ತಂದಿದ್ದ. ಕಂಬದಕೆರೆ ವಾಸಿ ಗಂಗಮ್ಮ ಕೋಂ ಈಶ್ವರಪ್ಪ ಎಂಬುವರು ಇದೇ ಇಪ್ಪತ್ತೊಂದನೇ ತಾರೀಖು ಅಮಲ್ದಾರರ ಮುಂದೆ ಖುದ್ದು ಹಾಜರಾಗತಕ್ಕದ್ದು. ಪಾಪ, ಜವಾನ ಊರೆಲ್ಲ ಸುತ್ತಿದ. ಏರಿಯ ಮೇಲೆ ಇರೋ ಗಂಗಮ್ಮ ಯಾರು ಎಂದು ಅವನು ಕೇಳಿದ್ದಕ್ಕೆ, ಬಾವಿಕಟ್ಟೆಯ ಹೆಂಗಸರು ಗುಡಿಯತ್ತ ಕೈ ತೋರಿಸಿದರು. ಅವನು ಹೊಸಿಲಲ್ಲಿ ನೋಟೀಸಿಟ್ಟು ಕೈಮುಗಿದು ತೀರ್ಥ ತಗೊಂಡು ಹೋದ.

ಊರು ನಕ್ಕು ನಕ್ಕು ಸಾಕಾಯಿತು. ಪಡಸಾಲೆಯಲ್ಲಿ ಜನ ಸೇರಿ ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಉತ್ಸವಮೂರ್ತಿಯನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗೋಣ ಎಂದ ಒಬ್ಬ. ಬೈರಪ್ಪ ಒಪ್ಪಲಿಲ್ಲ.

"ಅಮ್ಮ ಎಲ್ಲೆ ದಾಟಲ್ಲ ಕಣ್ರಪ್ಪ. ಬೇಕಾದ್ರೆ ಅಮಲ್ದಾರ್ರೇ ಬಂದು ಹಣ್ಣುಕಾಯಿ ಮಾಡ್ಸ್ಕೊಂಡು ಕೇಳ್ಕೊಳ್ಳಿ."

ಕೆಳಗಿನ ಬೀದಿಯ ಗಂಗಮ್ಮಜ್ಜಿಯನ್ನು ಕರೆದೊಯ್ದು ನಿಲ್ಲಿಸಿದರೆ ಹೇಗೆ ಎಂದ ಇನ್ನೊಬ್ಬ. ಅಜ್ಜಿ ಆಗಲೇ ಹೊಸ ಸೀರೆ ಕೇಳಿದಳಂತೆ. ಮಾವ ಆ ಮಾತನ್ನು ಅಲ್ಲಿಗೇ ಮುರಿದರು. ಸುಳ್ಳು ಗಂಗಮ್ಮನನ್ನು ನಿಲ್ಲಿಸಿ ಆ ಮೇಲೆ ನಿಜವಾದವಳ ಮೇಲೆ ದೋಣಿ ಓಡಿಸೋದು ಹೆಂಗೆ ಎಂದರು.

ಎಲ್ಲರೂ ಎದ್ದುಹೋದ ಮೇಲೆ ನಾನು ಕೇಳಿದೆ, ನಿಮ್ಮ ಹೆಸರು ಬರೆದರೆ ಒಂದು ದಿನದ ಕೆಲಸವಲ್ಲವೇ ಎಂದು. ಒಳಗೆ ರಾಗಿ ಬೀಸುವ ಸದ್ದು ನಿಂತಿತು.

"ಬರೀರಿ, ಮೊದ್ಲು ನನ್ ತಾಳಿ ಬಿಚ್ಚಿಟ್ಬುಟ್ಟು ಬರೀರಿ" ಎಂದರು ಅತ್ತೆ. ಕೂಗಲಿಲ್ಲ. ಅಷ್ಟಂದು ಮತ್ತೆ ಬೀಸಲು ಶುರುಮಾಡಿದರು.

೧೮ ಅಕ್ಟೋಬರ್, ಶುಕ್ರವಾರ

ಪುಟ್ಟಕ್ಕನ ಮಗ ಗುಡ್ಡ ಸುತ್ತಿ ಬಂದಿದ್ದ. ಹೆಂಡತಿಯ ಕೈಕಾಲು ಬಾತಿದೆ, ಕಣ್ಣು ಮಂಜಾಗುತ್ತದೆ ಅನ್ನುತ್ತಾಳೆ, ಗಾಡಿಯ ಕುಲುಕಾಟ ತಡೆಯಲಾರಳು ಎಂದ. ಇಲ್ಲಿಂದ ಒಂದು ಬಾಟ್ಲಿ ಎಣ್ಣೆ, ಒಂದು ಅಚ್ಚು ಬೆಲ್ಲ ತಗೊಂಡು ಅದೇ ಕಾಲಿಗೆ ವಾಪಸು ಹೋದ. ಕಷ್ಟ ಕಂಡರೆ ಹಟ್ಟಿಯ ಬಂಡೆಯ ಮೇಲೆ ಬಿಳೀ ಪಂಚೆ ಕಟ್ಟುವುದೆಂದು ಮಾತಾಗಿದೆ.

ಪಂಚೆ ಕಂಡರೂ ಪೆಟ್ರೋಲ್ ಇಲ್ಲದೆ ಇಲ್ಲಿಂದ ಏನು ಮಾಡುವುದು?

೨೧ ಅಕ್ಟೋಬರ್, ಸೋಮವಾರ

ಇಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಅಮಲ್ದಾರರು ನಡುವಯಸ್ಸಿನವರು, ಚಿನ್ನದ ಅಂಚಿನ ಕನ್ನಡಕ. ಜವಾನ ಮೂರು ಸಲ ಗಂಗಮ್ಮನ ಹೆಸರು ಕೂಗಿದ. ಮಾವ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಚನ್ನಮಲ್ಲಯ್ಯನವರು ತಲೆಯ ಮೇಲೆ ಕೈ ಹೊತ್ತರು. ಅಮಲ್ದಾರರು ಕುಂಕುಮದ ಗುರುತನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕರೋ ಏನೋ, ಪಂಚೆಯ ತುದಿ ಅಡ್ಡವಿತ್ತು.

ಆಮೇಲೆ ಹೇಳಿದರು. ಅವರ ಮನೆಯಲ್ಲೂ ಗಂಗೆಪೂಜೆ ಉಂಟು, ಹೀಯಾಳಿಸುತ್ತಿಲ್ಲ. ದೋಣಿ ದೇವರದು ಎನ್ನುವುದಾದರೆ ಮುಜರಾಯಿಗೆ ಬರೆಯಬೇಕು, ಅಲ್ಲಿಂದ ಉತ್ತರ ಬರುವವರೆಗೆ ಕಟ್ಟಿಹಾಕಿರಬೇಕು. ಮನುಷ್ಯರದು ಎನ್ನುವುದಾದರೆ ಈಗಲೇ ಸಹಿ ಮಾಡುತ್ತೇನೆ, ಕೂಪನ್ನಿಗೂ ಬರೆದುಕೊಡುತ್ತೇನೆ.

"ನೋಡಿ ಪರ್ವತಯ್ಯನವರೇ, ಹೆಸರು ಕೇಳೋದು ಯಾಕೆ ಅಂದ್ರೆ, ನಾಳೆ ನಡುನೀರಲ್ಲಿ ಏನಾದ್ರೂ ಆದ್ರೆ ನಾನು ಒಬ್ಬರನ್ನ ಕರೆಸಿ ಕೇಳಬೇಕು. ಅವಳನ್ನ ಕರೆಸೋಕೆ ನನ್ನಿಂದ ಆಗುತ್ತಾ? ದೋಣಿ ಯಾರದು ಹೇಳಿ."

ಚನ್ನಮಲ್ಲಯ್ಯನವರು ಗಂಗಮ್ಮನ ಹೆಸರಿಗೆ ಗೀಟೆಳೆದು ಮಾವನ ಕಡೆ ಪೆನ್ನು ಚಾಚಿದರು. ಮಾವ ತೆಗೆದುಕೊಂಡರು. ಬಸ್ಸಿನ ಸ್ಟೀರಿಂಗ್ ಹಿಡಿದು ಪಾವಗಡದ ಘಾಟಿ ಇಳಿಸಿದ ಕೈ ಅದು, ಪೆನ್ನು ಹಿಡಿದು ಹಾಗೇ ನಿಂತಿತು. ಹೊರಗೆ ಸಂತೆಗೆ ಬಂದ ಕುರಿಗಳ ಸದ್ದು. ಅವರು ಅತ್ತೆಯನ್ನು ನೆನೆಯುತ್ತಿದ್ದಾರೆಂದು ಗೊತ್ತಾಯಿತು. ನನಗೆ ಬಂಡೆಯೇ ಕಣ್ಣ ಮುಂದಿತ್ತು. ಬೆಳಿಗ್ಗೆ ಹೊರಡುವಾಗ ಏರಿಯಿಂದ ನೋಡಿದ್ದೆ, ಪಂಚೆ ಇರಲಿಲ್ಲ. ಈಗ?

"ನಂದು ಸ್ವಾಮಿ" ಎಂದೆ.

ಮಾವ ತಿರುಗಿ ನೋಡಿದರು. ಅಮಲ್ದಾರರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ವಯಸ್ಸು, ಎಲ್ಲಿ ಓದುತ್ತಿದ್ದೀಯ, ಇದರ ಜವಾಬ್ದಾರಿ ಗೊತ್ತೇ ಎಂದು. ನಾನು ಕನ್ನಡದಲ್ಲೇ ಹೇಳಿದೆ. ಹೋದ ತಿಂಗಳಿಗೆ ಹದಿನೆಂಟು ತುಂಬಿತು. ಹೆಸರು ರೇಣುಕಯ್ಯ. ದೋಣಿಯಲ್ಲಿ ಕೂತವರಿಗೆ ಏನಾದರೂ ಆದರೆ ನನ್ನನ್ನು ಕರೆಸಿ ಕೇಳಿ, ನಾನು ಬರುತ್ತೇನೆ. ಪೆನ್ನಿಗೆ ಮಾವನ ಬೆರಳ ಬೆವರು ಅಂಟಿತ್ತು, ಒರೆಸಿಕೊಂಡು ಸಹಿ ಹಾಕಿದೆ.

ದೋಣಿಯ ಪಕ್ಕದ ಹಲಗೆಯ ಮೇಲೆ ಮಾಲೀಕನ ಹೆಸರು, ನಂಬರು, ಎಷ್ಟು ಜನ ಕೂರಬಹುದು ಎಂಬುದನ್ನು ದೂರಕ್ಕೆ ಕಾಣುವ ಹಾಗೆ ಬರೆಸಬೇಕೆಂದು ಹುಕುಂ. ನಮ್ಮದು ಒಂದನೇ ನಂಬರು. ಎರಡನೆಯದು ಈ ತಾಲ್ಲೂಕಿನಲ್ಲಿ ಬಂದಾಗ ನೋಡೋಣ ಎಂದರು ಚನ್ನಮಲ್ಲಯ್ಯನವರು.

ಬಂಕಿನಲ್ಲಿ ಪೆಟ್ರೋಲ್ ಹಿಡಿಸಿಕೊಂಡು ಗ್ಯಾರೇಜಿಗೆ ಹೋದೆವು. ಸಾಬರು ಕಾಗದ ನೋಡಿ ನನ್ನ ಬೆನ್ನು ತಟ್ಟಿ, "ಮುಬಾರಕ್ ಮಾಲೀಕ್ ಸಾಹೇಬ್ರೆ, ಇಂಜಿನ್ಗೆ ವಯಸ್ಸಾಯ್ತು, ಜಬರ್ದಸ್ತಿ ಮಾಡಬ್ಯಾಡಿ" ಎಂದರು.

ಬಸ್ಸಿನಲ್ಲಿ ಮಾವ ಒಂದೇ ಮಾತಾಡಿದರು. "ನಿಮ್ಮತ್ತೆಗೆ ನಾನ್ ಹೇಳಲ್ಲ ಕಣೋ. ನೀನೇ ಹೇಳ್ಬೇಕು."

೨೨ ಅಕ್ಟೋಬರ್, ಮಂಗಳವಾರ

ಹೇಳಲಿಲ್ಲ.

ಹಲಗೆಗೆ ಬಿಳಿ ಬಣ್ಣದಲ್ಲಿ ಬರೆದೆ. ಬರೆಯುವಾಗ ದೋಣಿಯೊಳಗೇ ಕೂರಬೇಕಾಯಿತು. ಅಕ್ಷರ ನೆಟ್ಟಗೆ ಬಂದಿದೆ. ನೋವು ಕಾಣಿಸುವವರೆಗೆ ಪುಟ್ಟಕ್ಕನ ಸೊಸೆಯನ್ನು ಕಳಿಸಲು ಹಟ್ಟಿಯ ಹಿರಿಯರು ಒಪ್ಪಿಲ್ಲವೆಂದು ಸುದ್ದಿ.

೨೩ ಅಕ್ಟೋಬರ್, ಬುಧವಾರ

ಅತ್ತೆಗೆ ಓದು ಬಾರದು. ಊರಿನ ಬಾಯಿ ಮುಚ್ಚುವವರು ಯಾರು? ಮಧ್ಯಾಹ್ನ ಏರಿಯ ಮೇಲೆ ಬಂದು ನಿಂತರು, ಮೆಟ್ಟಿಲ ತುದಿಯಲ್ಲಿ. ನಾನು ಇಂಜಿನ್ನಿಗೆ ನೀರು ಹಾಕುತ್ತಿದ್ದೆ.

"ಏನ್ ಬರ್ದಿದೀಯ, ಓದು" ಎಂದರು.

ಓದಿದೆ. ನಂಬರು, ಜನ, ಹೆಸರು. ಹೆಸರು ಇನ್ನೊಂದು ಸಲ ಓದು ಎಂದರು. ಓದಿದೆ. ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದರು. ಹಿಂದೆಯೇ ಹೋಗಿ, ಪುಟ್ಟಕ್ಕನ ಸೊಸೆ, ಕೂಪನ್ನು, ಎಲ್ಲ ಹೇಳಿದೆ. ಅದೆಲ್ಲ ಅವರಿಗೆ ಗೊತ್ತು. ಹಬ್ಬದ ನೀರು ತುಂಬುವ ಹಂಡೆಗೆ ಸುಣ್ಣ ಬಳಿಯುತ್ತಾ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ತಟ್ಟೆಗೆ ಮುದ್ದೆ ಮಾತ್ರ ದಿನಕ್ಕಿಂತ ದೊಡ್ಡದು ಹಾಕಿದರು.

೨೪ ಅಕ್ಟೋಬರ್, ಗುರುವಾರ

ಬೆಳಿಗ್ಗೆ ದೀಪಾವಳಿಯ ಎಣ್ಣೆನೀರು ಆಗುತ್ತಿದ್ದಂತೆ ಬೈರಪ್ಪ ಗುಡಿಯಿಂದ ಕೂಗಿದ. ಬಂಡೆಯ ಮೇಲೆ ಬಿಳೀ ಪಂಚೆ.

ಮಾವ ಇಂಜಿನ್ನು ತಿರುಗಿಸಿದರು, ನಾನು ಹಗ್ಗ ಬಿಚ್ಚಿದೆ. ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬರುತ್ತಿರುವುದು ಕಾಣಿಸಿತು. ಒಂದು ಕೈಲಿ ಬಿಸಿನೀರಿನ ತಂಬಿಗೆ, ಇನ್ನೊಂದರಲ್ಲಿ ಹಳೆಯ ಸೀರೆಗಳ ಗಂಟು. ಯಾರ ಕೈಯನ್ನೂ ಹಿಡಿಯದೆ ದೋಣಿ ಹತ್ತಿದರು. ಹತ್ತಿ, ಹೆಸರು ಬರೆದ ಹಲಗೆಗೆ ಒರಗಿ ಕೂತರು. ಮಾವ ಬೇಡವೆನ್ನಲು ಬಾಯಿ ತೆರೆದರು.

"ಹೆಣ್ಣೆಂಗ್ಸ್ರು ಬ್ಯಾಡ್ವಾ ಅಲ್ಲಿ? ನೀವಿಬ್ರೂ ಏನ್ ಸೂಲಗಿತ್ತೀರಾ?" ಎಂದರು. ಅವರ ಕೈ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಹೋಗುವಾಗ ಏನೂ ಆಗಲಿಲ್ಲ. ಹಟ್ಟಿಯವರು ಸೊಸೆಯನ್ನು ಕಂಬಳಿಯಲ್ಲಿ ಹೊತ್ತು ತಂದರು. ಮುಖ ಊದಿಕೊಂಡಿತ್ತು, ಮಾತು ತೊದಲುತ್ತಿತ್ತು. ಹಿರಿಯರು ಇಬ್ಬರು ದೂರ ನಿಂತು ಗೊಣಗುತ್ತಿದ್ದರು. ಪುಟ್ಟಕ್ಕ ಅವರ ಕಡೆ ತಿರುಗಿಯೂ ನೋಡದೆ ಮಗನೊಡನೆ ದೋಣಿ ಹತ್ತಿದಳು. ಅತ್ತೆ ಆ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಬರುವಾಗ ಈಚೆ ದಡ ಕಾಣುವಷ್ಟರಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಮಾವ ಹ್ಯಾಂಡಲ್ ತಿರುಗಿಸಿದರು, ಪೆಟ್ರೋಲ್ ಪೈಪು ಬಿಚ್ಚಿದರು, ಊದಿದರು. ಗಾಳಿ ನಮ್ಮನ್ನು ಮತ್ತೆ ಆಚೆಗೆ ತಳ್ಳುತ್ತಿತ್ತು. ಹುಡುಗಿ ಒಂದೇ ಸಮ ನರಳುತ್ತಿದ್ದಳು. ಅಲ್ಲಿ ಮುಳುಗಿದ ಜಾಲಿಮರಗಳ ತುದಿ ಕಾಣುತ್ತಿತ್ತು. ಹಟ್ಟಿಯ ಹಳೇ ದಾರಿ ಅದರ ಪಕ್ಕದಲ್ಲೇ, ಅಂದರೆ ನೆಲ ಎತ್ತರ. ಇಳಿದೆ. ಎದೆಮಟ್ಟ ನೀರು. ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದೆ, ಪುಟ್ಟಕ್ಕನ ಮಗನೂ ಇಳಿದು ಹಿಂದಿನಿಂದ ತಳ್ಳಿದ. ಒಂದು ಕಡೆ ಗುಂಡಿ ಸಿಕ್ಕಿ ಕಾಲು ತಪ್ಪಿತು, ಹಗ್ಗ ಹಿಡಿದು ಮೇಲೆ ಬಂದೆ. ಅತ್ತೆ ನನ್ನ ಹೆಸರನ್ನು ಒಂದೇ ಸಲ ಕೂಗಿದರು. ಇದ್ದೀನಿ ಎಂದೆ. ಇಲ್ಲೇ ಇರು ಎಂದರು.

ಮಾವ ಹಾರನ್ನು ಹೊಡೆಯುತ್ತಲೇ ಇದ್ದರು. ರಸ್ತೆಯ ಮೇಲೆ ಮಧುಗಿರಿ ಬಸ್ಸು ಆ ಸದ್ದಿಗೆ ನಿಂತು ಕಾದಿತ್ತು.

ಬಟ್ಟೆ ಸಂಜೆಯವರೆಗೆ ಒಣಗಲಿಲ್ಲ. ಹಗ್ಗ ಉಜ್ಜಿ ಹೆಗಲು ತರಚಿದೆ, ಅತ್ತೆ ಕೊಬ್ಬರಿಎಣ್ಣೆ ಹಚ್ಚಿದ್ದಾರೆ. ಫಿಸಿಕ್ಸ್ ಪುಸ್ತಕ ಎಲ್ಲಿಟ್ಟೆನೋ ನೆನಪಾಗುತ್ತಿಲ್ಲ.

೨೭ ಅಕ್ಟೋಬರ್, ಭಾನುವಾರ

ಮಧುಗಿರಿಯಿಂದ ಸುದ್ದಿ ಬಂತು. ಗಂಡು ಮಗು. ತಾಯಿಗೆ ಎರಡು ದಿನ ಎಚ್ಚರವಿರಲಿಲ್ಲ, ಈಗ ಗಂಜಿ ಕುಡಿಯುತ್ತಿದ್ದಾಳೆ. ಇನ್ನೊಂದು ಗಳಿಗೆ ತಡವಾಗಿದ್ದರೆ ತಮ್ಮ ಕೈಲಿರಲಿಲ್ಲ ಎಂದರಂತೆ ಡಾಕ್ಟರು.

ನಿನ್ನೆ ಸಾಬರು ಬಂದು ಇಂಜಿನ್ ಬಿಚ್ಚಿ ಕಸ ತೆಗೆದುಹೋದರು. ಬೆಳಿಗ್ಗೆಯಿಂದ ದೋಣಿ ಓಡುತ್ತಿದೆ. ಹಾಲಿನವರು, ಕುರಿಗಳು, ಹಬ್ಬಕ್ಕೆ ಬಂದ ಮಕ್ಕಳು. ಇಂದು ಹತ್ತಿದ ಯಾರೂ ದೋಣಿ ಯಾರದು ಎಂದು ಕೇಳಲಿಲ್ಲ. ಅತ್ತೆ ಮಾತ್ರ ಪ್ರತಿ ಸಲವೂ ಹತ್ತುತ್ತಾರೆ. ಹುರುಳಿ ಆರಿಸುವ ಮೊರವನ್ನೂ ತಂದಿಟ್ಟುಕೊಂಡಿದ್ದಾರೆ, ಅದೇ ಹಲಗೆಗೆ ಒರಗಿ ಆಚೆಗೂ ಈಚೆಗೂ ಹೋಗಿಬರುತ್ತಾರೆ. ಅಂಚು ಹಿಡಿಯುವುದನ್ನು ಇನ್ನೂ ಬಿಟ್ಟಿಲ್ಲ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ. ವಾರ್ಡನ್ನರಿಗೆ ಜ್ವರವಿರಲಿಲ್ಲ, ದೋಣಿಯ ಕೆಲಸವಿತ್ತು ಎಂದೇ ಹೇಳಬೇಕು. ಸಂಜೆ ಕೊನೆಯ ಸಲ ಆಚೆ ಹೋಗಿ ಬರುವಾಗ ಅತ್ತೆಗೆ ಹೇಳಿದೆ. ನಾನು ಊರಲ್ಲಿ ಇರುವುದಿಲ್ಲವಲ್ಲ, ಇನ್ನು ನೀವು ದಿನವೂ ದೋಣಿಯಲ್ಲಿ ಕೂರಬೇಕಾಗಿಲ್ಲ ಎಂದು.

ಅತ್ತೆ ಹುರುಳಿಯೊಳಗಿನ ಒಂದು ಕಲ್ಲನ್ನು ಆರಿಸಿ ನೀರಿಗೆ ಹಾಕಿದರು.

"ನೀನು ಹೋಗಿ ಓದ್ಕೊ. ಹೆಸ್ರು ಇಲ್ಲೇ ಇರುತ್ತಲ್ಲ, ಅದರ ಪಕ್ಕ ಒಬ್ರು ಇರ್ಬೇಕು" ಎಂದರು.